ಲೈಟು ಹಾಕಿದರೆ ಟ್ಯಾಂಕಿನಲ್ಲಿ ಇಂಧನ ಹೆಚ್ಚುವ ವಿಮಾನ: ಪ್ಯಾನೆಲ್ ವೈರಿಂಗ್‌ನ ದೋಷ ಹುಡುಕುವ ಬಗೆ

ನಾನು ಕಟ್ಟಿದ ಎರಡು ಆಸನದ ಲೋಹದ ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ಎಂಜಿನ್ ಓಡಿಸಿ ಒಂದೊಂದೇ ವ್ಯವಸ್ಥೆಯನ್ನು ಪರೀಕ್ಷಿಸುವ ಹಂತದಲ್ಲಿತ್ತು. ಎಡ ಟ್ಯಾಂಕಿನಲ್ಲಿ ಶೇಕಡಾ 58ರಷ್ಟು ಇಂಧನವಿದೆ ಎಂದು ಪ್ಯಾನೆಲ್ ತೋರಿಸುತ್ತಿತ್ತು. ಅಳತೆ ಕಡ್ಡಿ ಇಳಿಸಿ ನೋಡಿದಾಗಲೂ ಅಷ್ಟೇ ಇತ್ತು. ಲ್ಯಾಂಡಿಂಗ್ ಲೈಟ್ ಮತ್ತು ಪಿಟೋ ಹೀಟರ್ (ವೇಗ ಅಳೆಯುವ ಕೊಳವೆಯಲ್ಲಿ ಮಂಜುಗಟ್ಟದಂತೆ ಅದನ್ನು ಕಾಯಿಸುವ ಸಾಧನ) ಎರಡನ್ನೂ ಹಾಕಿದೆ. ಇಂಧನ ಶೇಕಡಾ 68ಕ್ಕೆ ಏರಿತು. ಸ್ವಿಚ್ ಆರಿಸಿದಾಗ ಮತ್ತೆ 58ಕ್ಕೆ ಇಳಿಯಿತು. ಎಂಜಿನ್ ಎಣ್ಣೆಯ ಉಷ್ಣತೆಯೂ ಅದೇ ತಾಳಕ್ಕೆ ಏರಿಳಿಯುತ್ತಿತ್ತು. ಸಿಲಿಂಡರ್ ಹೆಡ್‌ಗಳ ಉಷ್ಣತೆ ಮಾತ್ರ ಕದಲಲಿಲ್ಲ.

ಇದನ್ನು ಸಣ್ಣ ತೊಂದರೆ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಲೈಟು ಹಾಕುವುದು ಕತ್ತಲಾದಾಗ, ಪಿಟೋ ಹೀಟರ್ ಹಾಕುವುದು ಹವೆ ಕೆಟ್ಟಾಗ. ಇಂಧನದ ನಿಜವಾದ ಲೆಕ್ಕ ಅತ್ಯಗತ್ಯವಾದ ಆ ಹೊತ್ತಿನಲ್ಲೇ ಗೇಜ್ ಇಲ್ಲದ್ದನ್ನು ಇದೆ ಎನ್ನುತ್ತಿತ್ತು. ಕಡಿಮೆ ತೋರಿಸುವ ಗೇಜಿನಿಂದ ಹೆಚ್ಚೆಂದರೆ ಬೇಗ ಇಳಿಯಬೇಕಾಗುತ್ತದೆ. ಹೆಚ್ಚು ತೋರಿಸುವ ಗೇಜ್ ಜೀವಕ್ಕೆ ಎರವಾಗಬಹುದು.

ಈ ದೋಷವನ್ನು ಹುಡುಕಿದ ದಾರಿಯನ್ನೇ ಕೈಪಿಡಿಯಾಗಿ ಬರೆಯುತ್ತಿದ್ದೇನೆ. ಇದೇ ವಿಧಾನ ನಂತರ ಬೇರೆ ದೋಷಗಳಿಗೂ ನೆರವಾದ್ದರಿಂದ ಅವನ್ನೂ ಸೇರಿಸಿದ್ದೇನೆ.

ಪ್ಯಾನೆಲ್ ಹಿಂದೆ ಕೈ ಹಾಕುವ ಮೊದಲು

ಮನೆಯ ವೈರಿಂಗ್ ಬಲ್ಲವರು ಇಲ್ಲಿ ಒಂದು ವಿಷಯದಲ್ಲಿ ಎಡವುತ್ತಾರೆ. ಮನೆಯಲ್ಲಿ ವೈರು ಕಳಚಿದರೆ ಆ ಉಪಕರಣ ಸತ್ತಂತೆ. ಬ್ಯಾಟರಿಯ ನೆರವಿಲ್ಲದೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಇದಕ್ಕೆ ತದ್ವಿರುದ್ಧ. ಪ್ಯಾನೆಲ್‌ನ ಇಗ್ನಿಷನ್ ಸ್ವಿಚ್ ಆರಿಸಿದಾಗ ಅದು ಪಿ-ಲೀಡ್ ಎಂಬ ವೈರನ್ನು ಗ್ರೌಂಡಿಗೆ, ಎಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ವಿಮಾನದ ಲೋಹದ ಮೈಗೆ, ಸೇರಿಸಿ ಮ್ಯಾಗ್ನೆಟೋವನ್ನು ನಿಲ್ಲಿಸುತ್ತದೆ. ಆ ವೈರನ್ನು ಕಳಚಿದರೆ, ಅಥವಾ ಅದು ಎಲ್ಲೋ ತುಂಡಾಗಿದ್ದರೆ, ಮ್ಯಾಗ್ನೆಟೋ ಸದಾ ಜೀವಂತ. ಬ್ಯಾಟರಿ ಕಳಚಿಟ್ಟಿದ್ದರೂ ಪ್ರೊಪೆಲ್ಲರ್ ಅನ್ನು ಕೈಯಿಂದ ತಿರುಗಿಸಿದಾಗ ಕಿಡಿ ಹಾರಬಹುದು, ಎಂಜಿನ್ ಒಮ್ಮೆ ಒದೆಯಬಹುದು. ಆದ್ದರಿಂದ ಪ್ಯಾನೆಲ್ ಕೆಲಸ ನಡೆಯುವಷ್ಟು ಕಾಲ ಪ್ರೊಪೆಲ್ಲರ್ ತಿರುಗುವ ವೃತ್ತದೊಳಗೆ ಯಾರೂ ನಿಲ್ಲಬಾರದು. ತಿರುಗಿಸಲೇಬೇಕಾದರೆ ಮೊದಲು ಎಲ್ಲ ಸ್ಪಾರ್ಕ್ ಪ್ಲಗ್‌ಗಳ ವೈರುಗಳನ್ನು ಕಳಚಿ.

ಬ್ಯಾಟರಿಯ ನೆಗೆಟಿವ್ ಕೇಬಲನ್ನು ಮೊದಲು ಕಳಚಿ, ಕೊನೆಗೆ ಜೋಡಿಸಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ವಿಮಾನದ ಮೈಗೆ ತಾಗಿದರೂ ಆಗ ಏನೂ ಆಗುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ದೋಷ ಕಂಡ ಕೂಡಲೇ ಗೇಜ್ ಬದಲಾಯಿಸುವುದು, ಸೆಂಡರ್ (ಟ್ಯಾಂಕಿನಲ್ಲೋ ಎಂಜಿನ್ನಿನಲ್ಲೋ ಅಳೆದು ಗೇಜಿಗೆ ತಿಳಿಸುವ ಸಂವೇದಕ) ಬದಲಾಯಿಸುವುದು ದುಡ್ಡು ಕಳೆಯುವ ದಾರಿ. ಮೀಟರ್ ಕೈಗೆತ್ತಿಕೊಳ್ಳುವ ಮೊದಲು, ದೋಷ ಯಾವುದರ ಜೊತೆ ಬರುತ್ತದೆ ಎಂದು ನೋಡಬೇಕು. ಲೈಟು, ಹೀಟರ್‌ನಂಥ ಲೋಡ್ ಹಾಕಿದಾಗಲೇ? ಎಂಜಿನ್ ಓಡುವಾಗ ಮಾತ್ರವೇ? ರೇಡಿಯೋದಲ್ಲಿ ಮಾತನಾಡುವಾಗಲೇ? ವೈರಿನ ಕಟ್ಟನ್ನು ಅಲುಗಿಸಿದಾಗಲೇ? ಬಿಸಿಯೇರಿದ ಮೇಲೆಯೇ? ಈ ಐದರಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಬಹಳ ಕಿರಿದಾಗುತ್ತದೆ. ಒಂದೇ ಬಾರಿ ಎರಡು ಸ್ವಿಚ್ ಒತ್ತಿ ತೀರ್ಮಾನಕ್ಕೆ ಬರಬೇಡಿ. ನಾನು ಲೈಟನ್ನೂ ಹೀಟರನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿದೆ. ಲೈಟು ಮಾತ್ರ ಹಾಕಿದಾಗ ಏರಿಕೆ ಕಡಿಮೆ, ಹೀಟರ್ ಮಾತ್ರ ಹಾಕಿದಾಗ ತುಸು ಹೆಚ್ಚು, ಎರಡೂ ಸೇರಿದಾಗ ಅವುಗಳ ಮೊತ್ತ. ಎಂದರೆ ತಪ್ಪು ಯಾವುದೋ ಒಂದು ಉಪಕರಣದಲ್ಲಿಲ್ಲ. ಹರಿಯುವ ಕರೆಂಟು ಎಷ್ಟೋ ತಪ್ಪೂ ಅಷ್ಟು.

ಕದಲದ ಸಿಲಿಂಡರ್ ಹೆಡ್ ಉಷ್ಣತೆ ಇನ್ನೊಂದು ಸುಳಿವು ಕೊಟ್ಟಿತು. ಅದನ್ನು ಅಳೆಯುವ ಥರ್ಮೋಕಪಲ್‌ಗೆ (ಎರಡು ಬೇರೆ ಲೋಹಗಳನ್ನು ಬೆಸೆದ ಸಂವೇದಕ) ಎರಡು ವೈರುಗಳಿವೆ. ನನ್ನ ಪ್ಯಾನೆಲ್ ಆ ಎರಡರ ನಡುವಿನ ವ್ಯತ್ಯಾಸವನ್ನು ಅಳೆಯುತ್ತದೆ, ಗ್ರೌಂಡನ್ನು ನೆಚ್ಚಿಕೊಳ್ಳುವುದಿಲ್ಲ. ಇಂಧನ ಮತ್ತು ಎಣ್ಣೆಯ ಸೆಂಡರ್‌ಗಳಿಗೆ ಬರುವುದು ಒಂದೇ ವೈರು. ಅವುಗಳ ವಾಪಸು ದಾರಿ ವಿಮಾನದ ಲೋಹದ ಮೈ. ಗ್ರೌಂಡನ್ನು ನೆಚ್ಚಿದವು ಕೆಟ್ಟವು, ನೆಚ್ಚದ್ದು ಉಳಿಯಿತು.

ಬೀಪ್ ಶಬ್ದವನ್ನು ನಂಬಬೇಡಿ

ಈ ಬರಹದಲ್ಲಿ ನಾನು ಹೇಳಲೇಬೇಕೆಂದಿರುವ ವಿಷಯ ಇದು. ಗ್ರೌಂಡ್ ಸರಿಯಿದೆಯೇ ಎಂದು ನೋಡಲು ಎಲ್ಲರೂ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎರಡು ತುದಿಗೆ ತಾಗಿಸುತ್ತಾರೆ. ಬೀಪ್ ಎಂದರೆ ಸರಿಯಿದೆ ಎಂದು ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಮಾಡಿದೆ. ಮೀಟರ್ 0.3 ಓಮ್ ತೋರಿಸಿತು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗಲೂ 0.3 ಓಮ್. ಅದು ಕಡ್ಡಿಗಳ ವೈರಿನದ್ದೇ ರೋಧ. ನಾನು ಹುಡುಕುತ್ತಿದ್ದ ದೋಷ ಕೊನೆಗೆ ಸಿಕ್ಕಾಗ ಅದು 14 ಮಿಲಿಓಮ್, ಎಂದರೆ 0.014 ಓಮ್. ಸಾಮಾನ್ಯ ಮೀಟರಿನ ಓಮ್ ಅಳತೆಗೆ ಅದು ಕಾಣುವುದೇ ಇಲ್ಲ. ಮೇಲಾಗಿ ಓಮ್ ಅಳೆಯುವಾಗ ಮೀಟರ್ ಹರಿಸುವ ಕರೆಂಟು ಅತ್ಯಲ್ಪ. ಹತ್ತೊಂಬತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ವೈರು ಕೂಡ ಬೀಪ್ ಎನ್ನುತ್ತದೆ.

ಕರೆಂಟು ಹರಿಯುವಾಗಲೇ ಅಳೆಯಬೇಕು. ಓಮ್‌ನಲ್ಲಿ ಅಲ್ಲ, ವೋಲ್ಟ್‌ನಲ್ಲಿ. ಒಳ್ಳೆಯ ವೈರಿನ, ಒಳ್ಳೆಯ ಜೋಡಣೆಯ ಎರಡು ತುದಿಗಳ ನಡುವೆ ಹೆಚ್ಚು ವೋಲ್ಟೇಜ್ ಇರಬಾರದು. ಇದ್ದರೆ ಅಷ್ಟು ವೋಲ್ಟ್ ಅಲ್ಲಿ ಸೋರುತ್ತಿದೆ.

ಮಾಡುವ ರೀತಿ ಹೀಗೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಎಂಜಿನ್ ನಿಂತಿರಲಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ತಾಗಿಸಿ, ಕೇಬಲಿನ ಲಗ್‌ಗೆ (ಬೋಲ್ಟ್ ತೂರಿಸಿ ಬಿಗಿಯುವ ತುದಿಯ ಲೋಹದ ಬಳೆ) ಅಲ್ಲ. ಕಂಬಕ್ಕೂ ಲಗ್‌ಗೂ ನಡುವಿನ ಜೋಡಣೆಯೇ ಕೆಟ್ಟಿರಬಹುದು. ಕೆಂಪು ಕಡ್ಡಿಯನ್ನು ಪ್ಯಾನೆಲ್ ಹಿಂದಿನ ಗ್ರೌಂಡ್ ಬ್ಲಾಕ್‌ಗೆ, ಎಂದರೆ ವಾಪಸು ವೈರುಗಳು ಸೇರುವ ಲೋಹದ ತುಂಡಿಗೆ, ತಾಗಿಸಿ. ಮೀಟರ್ ಡಿಸಿ ಮಿಲಿವೋಲ್ಟ್‌ನಲ್ಲಿರಲಿ. ಈಗ ಲೋಡ್ ಹಾಕಿ. ಪಿಟೋ ಹೀಟರ್ ನಿಂತ ಗಾಳಿಯಲ್ಲಿ ಬಹಳ ಬೇಗ ಕಾಯುತ್ತದೆ, ಅದರ ಮುಸುಕನ್ನು ಮೊದಲೇ ತೆಗೆದಿಡಿ, ಕೆಲವೇ ಸೆಕೆಂಡು ಹಾಕಿ ಆರಿಸಿ.

ಲೈಟು ಸುಮಾರು 7 ಆಂಪಿಯರ್, ಹೀಟರ್ ಸುಮಾರು 10. ಒಟ್ಟು 17 ಆಂಪಿಯರ್ ಹರಿದಾಗ ನನ್ನ ಮೀಟರ್ 310 ಮಿಲಿವೋಲ್ಟ್ ತೋರಿಸಿತು. ಪೂರ್ತಿ ಲೋಡ್‌ನಲ್ಲಿ 100 ಮಿಲಿವೋಲ್ಟ್ ಮೀರಿದರೆ ನಾನು ಒಪ್ಪುವುದಿಲ್ಲ.

ಆಮೇಲಿನದ್ದು ದಾರಿಯನ್ನು ತುಂಡು ತುಂಡಾಗಿ ಅಳೆಯುವ ಕೆಲಸ. ಗ್ರೌಂಡ್ ಬ್ಲಾಕ್‌ನಿಂದ ಫೈರ್‌ವಾಲ್‌ಗೆ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಹೋಗುವ 10 ಗೇಜ್ ದಪ್ಪದ ವೈರಿನ ಮುಂದಿನ ತುದಿಯ ಲಗ್‌ವರೆಗೆ 60 ಮಿಲಿವೋಲ್ಟ್. 10 ಗೇಜ್ ತಾಮ್ರದ ವೈರು ಮೀಟರಿಗೆ ಸುಮಾರು 3.3 ಮಿಲಿಓಮ್, ನನ್ನದು ಒಂದು ಮೀಟರ್ ಉದ್ದ, 17 ಆಂಪಿಯರ್‌ಗೆ 56 ಮಿಲಿವೋಲ್ಟ್ ನ್ಯಾಯವಾದದ್ದು. ಹಾಗಾಗಿ ಆ ವೈರೂ ಅದರ ಕ್ರಿಂಪ್‌ಗಳೂ (ವೈರಿಗೆ ಲಗ್ ಅನ್ನು ಅಮುಕಿ ಹಿಡಿಸಿದ ಜಾಗಗಳು) ಸರಿಯಿದ್ದವು. ಫೈರ್‌ವಾಲ್‌ನ ಗ್ರೌಂಡ್ ಬೋಲ್ಟ್‌ನಿಂದ ಬ್ಯಾಟರಿಗೆ 10 ಮಿಲಿವೋಲ್ಟ್, ಅದೂ ಸರಿ. ಉಳಿದ ಜಾಗ ಒಂದೇ: ವೈರಿನ ಲಗ್‌ನಿಂದ ಅದನ್ನು ಬಿಗಿದಿದ್ದ ಬೋಲ್ಟ್‌ಗೆ. ನಡುವೆ ಅಂತರವೇ ಇಲ್ಲದ, ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಲೋಹಗಳ ನಡುವೆ 240 ಮಿಲಿವೋಲ್ಟ್! 17 ಆಂಪಿಯರ್ ಲೆಕ್ಕದಲ್ಲಿ ಅಲ್ಲಿ 4 ವಾಟ್ ಶಾಖ ಹುಟ್ಟುತ್ತಿತ್ತು. ಬೆರಳಿಟ್ಟರೆ ಲಗ್ ಬೆಚ್ಚಗಿತ್ತು.

ಬಿಚ್ಚಿ ನೋಡಿದಾಗ ಲಗ್‌ನ ಕೆಳಗಿನ ವಾಷರ್ ಮೇಲೆ ಪ್ರೈಮರ್ ಇತ್ತು. ತುಕ್ಕು ಹಿಡಿಯದಿರಲಿ ಎಂದು ನಾನೇ ಬಳಿದಿದ್ದೆ. ಕರೆಂಟು ಲಗ್‌ನ ಅಗಲವಾದ ಮೈಯಿಂದ ಹರಿಯದೆ, ಬೋಲ್ಟಿನ ತಿರುಪಿನ ಗೆರೆಗಳು ತಾಗಿದ ಒಂದೆರಡು ಚುಕ್ಕೆಗಳಿಂದ ಹಾದುಹೋಗುತ್ತಿತ್ತು. ಪ್ರೈಮರ್‌ನಂತೆಯೇ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಕೂಡ ಮೋಸಗೊಳಿಸುತ್ತದೆ. ನೋಡಲು ಶುದ್ಧ ಲೋಹ, ಆದರೆ ಮೇಲಿನ ಪದರ ವಿದ್ಯುತ್ ನಿರೋಧಕ. ಉಜ್ಜುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಜೋಡಿಸಿ ಬಿಗಿದ ಮೇಲೆ ಹೊರಗಿನಿಂದ ಬಣ್ಣ ಬಳಿಯಬೇಕು. ಬಣ್ಣ ಮೊದಲು, ಬೋಲ್ಟು ಆಮೇಲೆ ಎಂಬ ಕ್ರಮವೇ ತಪ್ಪು.

0.31 ವೋಲ್ಟ್‌ಗೂ ಇಂಧನಕ್ಕೂ ಏನು ಸಂಬಂಧ

ನನ್ನ ಇಂಧನ ಸೆಂಡರ್ ಟ್ಯಾಂಕ್ ಖಾಲಿಯಾದಾಗ 240 ಓಮ್, ತುಂಬಿದಾಗ 33 ಓಮ್. ಪ್ಯಾನೆಲ್ ತನ್ನ 5 ವೋಲ್ಟ್‌ನಿಂದ 240 ಓಮ್ ರೆಸಿಸ್ಟರ್ ಮೂಲಕ ಅದಕ್ಕೆ ಕರೆಂಟು ಕಳಿಸಿ, ಸೆಂಡರಿನ ಮೇಲೆ ಬೀಳುವ ವೋಲ್ಟೇಜನ್ನು ಓದುತ್ತದೆ. ಸೆಂಡರ್ 120 ಓಮ್‌ನಲ್ಲಿದ್ದರೆ 1.67 ವೋಲ್ಟ್ ಸಿಗಬೇಕು, ಅದು ಶೇಕಡಾ 58. ಆದರೆ ಪ್ಯಾನೆಲ್ ಓದುವುದು ತನ್ನದೇ ಗ್ರೌಂಡನ್ನು ಸೊನ್ನೆ ಎಂದುಕೊಂಡು. ಲೈಟಿನ ಕರೆಂಟು ಆ ಸೊನ್ನೆಯನ್ನೇ ವಿಮಾನದ ಮೈಗಿಂತ 0.31 ವೋಲ್ಟ್ ಮೇಲಕ್ಕೆತ್ತಿತ್ತು. ಸೆಂಡರ್ ಮಾತ್ರ ಟ್ಯಾಂಕಿನ ಬಳಿ ವಿಮಾನದ ಮೈಗೇ ಜೋಡಿಸಲ್ಪಟ್ಟಿತ್ತು. ಲೆಕ್ಕ ಹಾಕಿದರೆ ಪ್ಯಾನೆಲ್‌ಗೆ ಕಾಣುವುದು 1.46 ವೋಲ್ಟ್, ಅದಕ್ಕೆ ಸರಿಹೊಂದುವುದು 99 ಓಮ್, ಎಂದರೆ ಶೇಕಡಾ 68. ನಾನು ಕಂಡ ಅಂಕಿ ಅದೇ. ಎಣ್ಣೆಯ ಉಷ್ಣತೆಯ ಸೆಂಡರ್ ಬಿಸಿಯಾದಂತೆ ರೋಧ ಕಡಿಮೆಯಾಗುವ ಜಾತಿಯದ್ದು, ಹಾಗಾಗಿ ಅದೂ ಮೇಲಕ್ಕೇ ಏರಿತು. ಲೆಕ್ಕವೂ ಕಂಡದ್ದೂ ಹೀಗೆ ಒಂದಾದಾಗ ಮಾತ್ರ ನಿಜವಾದ ಕಾರಣ ಸಿಕ್ಕಿತೆಂದು ನಾನು ಒಪ್ಪುತ್ತೇನೆ. ಏನನ್ನೋ ಬಿಗಿ ಮಾಡಿದೆ, ಸರಿಹೋಯಿತು ಎಂಬುದು ನನಗೆ ಸಾಲದು.

ಪ್ರೈಮರ್ ಉಜ್ಜಿ ತೆಗೆದು ಬಿಗಿದ ಮೇಲೆ ಒಟ್ಟು ಸೋರಿಕೆ 70 ಮಿಲಿವೋಲ್ಟ್‌ಗೆ ಇಳಿಯಿತು. ನನ್ನ 100ರ ಮಿತಿಯ ಒಳಗೇ ಇತ್ತು. ಆದರೂ ಲೈಟು ಹಾಕಿದರೆ ಇಂಧನ ಶೇಕಡಾ 58ರಿಂದ 60ಕ್ಕೆ ಹೋಗುತ್ತಿತ್ತು. ಜೋಡಣೆ ಎಷ್ಟೇ ಚೊಕ್ಕವಾಗಿದ್ದರೂ ವೈರಿಗೆ ತನ್ನದೇ ರೋಧವಿದೆ. ನಿಜವಾದ ತಪ್ಪು ನನ್ನ ನಕ್ಷೆಯಲ್ಲೇ ಇತ್ತು. ಅಚ್ಚುಕಟ್ಟಾಗಿ ಕಾಣಲಿ ಎಂದು ಲೈಟು, ಹೀಟರ್‌ಗಳ ವಾಪಸು ವೈರುಗಳನ್ನೂ ಪ್ಯಾನೆಲ್‌ನ ಗ್ರೌಂಡ್ ಬ್ಲಾಕ್‌ಗೇ ತಂದಿದ್ದೆ. ಅಳತೆ ಮಾಡುವ ಉಪಕರಣವೂ ಹತ್ತಾರು ಆಂಪಿಯರ್ ನುಂಗುವ ಉಪಕರಣವೂ ಒಂದೇ ವೈರಿನಲ್ಲಿ ಹಿಂದಿರುಗುತ್ತಿದ್ದವು. ಅವುಗಳ ವಾಪಸು ವೈರುಗಳನ್ನು ಪ್ಯಾನೆಲ್‌ನಿಂದ ಬಿಡಿಸಿ ನೇರವಾಗಿ ಫೈರ್‌ವಾಲ್‌ನ ಗ್ರೌಂಡ್ ಬೋಲ್ಟ್‌ಗೆ ಒಯ್ದೆ. ಅಂದಿನಿಂದ ಯಾವ ಸ್ವಿಚ್ ಹಾಕಿದರೂ ಇಂಧನದ ಅಂಕಿ ಕದಲಿಲ್ಲ.

ಫೈಬರ್ ಗ್ಲಾಸ್ ಮೈಯ ವಿಮಾನದಲ್ಲಿ ವಾಪಸು ದಾರಿಯಾಗಿ ಮೈಯನ್ನು ಬಳಸುವ ಪ್ರಶ್ನೆಯೇ ಇಲ್ಲ, ಪ್ರತಿ ಸೆಂಡರ್‌ಗೂ ವಾಪಸು ವೈರು ಎಳೆಯಲೇಬೇಕು. ಆ ಕಷ್ಟದಿಂದಾಗಿ ಅವುಗಳಲ್ಲಿ ಈ ದೋಷ ಬರುವುದಿಲ್ಲ ಎಂದುಕೊಳ್ಳಬೇಡಿ. ಸೆಂಡರಿನ ವಾಪಸು ವೈರನ್ನು ಲೈಟಿನ ವಾಪಸು ವೈರಿಗೆ ದಾರಿಯಲ್ಲೆಲ್ಲೋ ಗಂಟು ಹಾಕಿದರೆ ಇದೇ ಕತೆ ಮರುಕಳಿಸುತ್ತದೆ.

ಮಾತನಾಡುವಾಗ ಮಾತ್ರ ಗೇಜ್ ಜಿಗಿದರೆ

ರೇಡಿಯೋದ ಗುಂಡಿ ಒತ್ತಿದಾಗ ಎರಡು ಕೆಲಸ ಒಟ್ಟಿಗೇ ಆಗುತ್ತವೆ. ರೇಡಿಯೋ ಬ್ಯಾಟರಿಯಿಂದ ಹಲವು ಆಂಪಿಯರ್ ಎಳೆಯುತ್ತದೆ. ಆಂಟೆನಾದಿಂದ 118ರಿಂದ 137 ಮೆಗಾಹರ್ಟ್ಸ್ ನಡುವಿನ ಅಲೆಗಳು ಹೊರಬೀಳುತ್ತವೆ. ಗೇಜ್ ಕೆಡಿಸುತ್ತಿರುವುದು ಕರೆಂಟೇ, ಅಲೆಯೇ? ಇದನ್ನು ಬೇರ್ಪಡಿಸಲು ಒಂದು ಅಗ್ಗದ ಸಾಧನ ಸಾಕು: ಆಂಟೆನಾದ ಬದಲು ರೇಡಿಯೋದ ಶಕ್ತಿಯನ್ನು ಶಾಖವಾಗಿ ಹೀರುವ 50 ಓಮ್ ಡಮ್ಮಿ ಲೋಡ್. ಆಂಟೆನಾದ ಕೇಬಲನ್ನು ಕಳಚಿ ಆ ಜಾಗದಲ್ಲಿ ಇದನ್ನು ಸಿಕ್ಕಿಸಿ ಕ್ಷಣಕಾಲ ಗುಂಡಿ ಒತ್ತಿ. ಗೇಜ್ ಆಗಲೂ ಜಿಗಿದರೆ ತಪ್ಪು ಕರೆಂಟಿನದು, ಮೇಲೆ ಹೇಳಿದ ಮಿಲಿವೋಲ್ಟ್ ಪರೀಕ್ಷೆಗೆ ಹಿಂದಿರುಗಿ. ಜಿಗಿತ ನಿಂತರೆ ಅಲೆಯದು. ಡಮ್ಮಿ ಲೋಡೂ ಇಲ್ಲದೆ ಬರಿಯ ಕನೆಕ್ಟರ್‌ನೊಂದಿಗೆ ಎಂದೂ ಗುಂಡಿ ಒತ್ತಬೇಡಿ, ರೇಡಿಯೋ ಸುಡಬಹುದು.

ಅಲೆಯ ದೋಷವಾದರೆ ನಾನು ಮೊದಲು ನೋಡುವುದು ಆಂಟೆನಾ ಕೇಬಲಿನ ತುದಿಯ ಬಿಎನ್‌ಸಿ ಕನೆಕ್ಟರ್‌ನ ಕ್ರಿಂಪ್. ಕೇಬಲಿನ ಹೆಣೆದ ಕವಚ ಕನೆಕ್ಟರ್‌ನ ಸುತ್ತ ಪೂರ್ತಿ ಹಿಡಿದಿರಬೇಕು, ನಾಲ್ಕು ಎಳೆ ತಾಗಿದರೆ ಸಾಲದು. ಎರಡನೆಯದು ಆಂಟೆನಾದ ಬುಡ ವಿಮಾನದ ಲೋಹಕ್ಕೆ ಕೂಡಿರುವ ಜಾಗ. ಅಲ್ಲೂ ಬಣ್ಣವೇ ಶತ್ರು. ಎರಡು ಪದರ ಕವಚದ ಆರ್‌ಜಿ-400 ಕೇಬಲ್ ಬಳಸಿ, ಸೆಂಡರ್‌ಗಳ ವೈರುಗಳ ಜೊತೆ ಅದನ್ನು ಒಂದೇ ಕಟ್ಟಿನಲ್ಲಿ ಕಟ್ಟದಿರಿ.

ಥರ್ಮೋಕಪಲ್‌ನ ಕೆಂಪು ವೈರು

ಎಂಜಿನ್ ಕಾದಂತೆ ಒಂದು ಸಿಲಿಂಡರ್‌ನ ಉಷ್ಣತೆ ಇಳಿಯುತ್ತ ಹೋದರೆ ಆ ಥರ್ಮೋಕಪಲ್‌ನ ವೈರುಗಳು ಅದಲು ಬದಲಾಗಿವೆ. ಕೆಂಪು ಎಂದರೆ ಪಾಸಿಟಿವ್ ಎಂದು ನಮ್ಮ ಕೈ ತಾನಾಗಿ ನಂಬುತ್ತದೆ. ಆದರೆ ಅಮೆರಿಕದ ಬಣ್ಣದ ಪದ್ಧತಿಯ ಥರ್ಮೋಕಪಲ್‌ಗಳಲ್ಲಿ ಕೆಂಪು ನೆಗೆಟಿವ್. ಸಿಲಿಂಡರ್ ಹೆಡ್‌ಗೆ ಸಾಮಾನ್ಯವಾಗಿ ಬಳಸುವ ಜೆ ಬಗೆಯಲ್ಲಿ ಬಿಳಿ ಪಾಸಿಟಿವ್, ಹೊಗೆಯ ಉಷ್ಣತೆಗೆ ಬಳಸುವ ಕೆ ಬಗೆಯಲ್ಲಿ ಹಳದಿ ಪಾಸಿಟಿವ್.

ಅಳತೆ ಹತ್ತಿಪ್ಪತ್ತು ಡಿಗ್ರಿ ಸದಾ ತಪ್ಪಿದ್ದರೆ, ವೈರು ಸಾಲದೆ ಬಂದಾಗ ನಡುವೆ ತಾಮ್ರದ ತುಂಡು ಸೇರಿಸಿದ್ದೀರಾ ನೋಡಿ. ಥರ್ಮೋಕಪಲ್‌ನ ಲೋಹವೇ ಅದರ ಅಳತೆಗೋಲು. ಜೆ ಬಗೆಯಲ್ಲಿ ಕಬ್ಬಿಣ ಮತ್ತು ಕಾನ್‌ಸ್ಟಾಂಟನ್, ಕೆ ಬಗೆಯಲ್ಲಿ ಕ್ರೋಮೆಲ್ ಮತ್ತು ಆಲ್ಯುಮೆಲ್. ಪ್ಯಾನೆಲ್‌ವರೆಗೆ ಅದೇ ಬಗೆಯ ವೈರು ಹೋಗಬೇಕು. ಎಂಜಿನ್ ಬದಿಯ ಬಿಸಿ ಜಾಗದಲ್ಲಿ ತಾಮ್ರಕ್ಕೆ ಬದಲಾದರೆ ಅಲ್ಲಿಂದ ಪ್ಯಾನೆಲ್‌ವರೆಗಿನ ಉಷ್ಣತೆಯ ವ್ಯತ್ಯಾಸವಷ್ಟೂ ಲೆಕ್ಕದಿಂದ ಕಳೆದುಹೋಗುತ್ತದೆ.

ಬಸ್ ವೋಲ್ಟೇಜ್ ಏರುತ್ತಿದ್ದರೆ

ಎಂಜಿನ್ ಓಡುವಾಗ ಬಸ್‌ನಲ್ಲಿ, ಎಂದರೆ ಎಲ್ಲ ಉಪಕರಣಗಳಿಗೂ ವಿದ್ಯುತ್ ಹಂಚುವ ಲೋಹದ ಪಟ್ಟಿಯಲ್ಲಿ, 14.2 ವೋಲ್ಟ್ ಇರಬೇಕಾದದ್ದು 14.8 ಆಗಿದೆ, ಅಥವಾ ಆಂಪಿಯರ್ ಮೀಟರಿನ ಮುಳ್ಳು ನಿಲ್ಲದೆ ಅತ್ತಿತ್ತ ಓಲಾಡುತ್ತಿದೆ. ಎಂಜಿನ್ ತಿರುಗಿಸುವ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದು ಎಲ್ಲರೂ ಅದನ್ನೇ ಬದಲಾಯಿಸುತ್ತಾರೆ. ಬದಲಾಯಿಸುವ ಮೊದಲು ಬಸ್‌ಗೂ ರೆಗ್ಯುಲೇಟರ್‌ನ ವೋಲ್ಟೇಜ್ ಗ್ರಹಿಸುವ ವೈರಿಗೂ ನಡುವೆ ಮೀಟರ್ ಇಟ್ಟು ನೋಡಿ. ಬ್ರೇಕರ್, ಸ್ವಿಚ್, ಎರಡು ಮೂರು ಲಗ್‌ಗಳಲ್ಲಿ 0.6 ವೋಲ್ಟ್ ಸೋರುತ್ತಿದ್ದರೆ ರೆಗ್ಯುಲೇಟರ್‌ಗೆ ಕಾಣುವುದು ಕಡಿಮೆ ವೋಲ್ಟೇಜ್. ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತ ಬಸ್ಸನ್ನು ಅಷ್ಟು ಮೇಲಕ್ಕೆ ಏರಿಸುತ್ತದೆ. ಆಲ್ಟರ್ನೇಟರಿನ ಫೀಲ್ಡ್ ಸುರುಳಿಯ ಕರೆಂಟೂ ಅದೇ ವೈರಿನಲ್ಲಿ ಹೋಗುತ್ತಿದ್ದರೆ ಸೋರಿಕೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಮುಳ್ಳು ಓಲಾಡುತ್ತದೆ. ಹಳೆಯ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್ ಇದಕ್ಕೆ ಸಾಮಾನ್ಯ ಕಾರಣ.

ಬಂದು ಹೋಗುವ ದೋಷ

ಇದು ಎಲ್ಲಕ್ಕಿಂತ ಕಷ್ಟದ್ದು, ತಾಳ್ಮೆ ಬಿಟ್ಟರೆ ಬೇರೆ ಉಪಾಯವಿಲ್ಲ. ನನ್ನ ಅನುಭವದಲ್ಲಿ ಡಿ-ಸಬ್ ಕನೆಕ್ಟರ್‌ನ (ಉಪಕರಣದ ಹಿಂದೆ ಹಲವು ವೈರುಗಳನ್ನು ಒಟ್ಟಿಗೆ ಸಿಕ್ಕಿಸುವ ಜೋಡಣೆ) ಪಿನ್ನುಗಳೇ ಹೆಚ್ಚು ಬಾರಿ ತಪ್ಪಿತಸ್ಥರು. ಪಿನ್ ಒಳಗೆ ಹೋಗುವಾಗ ಟಕ್ ಎಂದು ಕೂರಬೇಕು. ಅರ್ಧ ಕೂತ ಪಿನ್ ಎದುರಿನದಕ್ಕೆ ತುದಿಯಲ್ಲಿ ಮಾತ್ರ ತಾಗುತ್ತದೆ, ಎಂಜಿನ್‌ನ ನಡುಕಕ್ಕೆ ಹಿಂದೆ ಸರಿಯುತ್ತದೆ. ಕನೆಕ್ಟರ್ ಬಿಚ್ಚಿ ಎಲ್ಲ ಪಿನ್ನುಗಳ ತುದಿ ಒಂದೇ ಮಟ್ಟದಲ್ಲಿದೆಯೇ ಎಂದು ಪಕ್ಕದಿಂದ ನೋಡಿ, ಪ್ರತಿ ವೈರನ್ನೂ ಹಿಂದಿನಿಂದ ಮೆಲ್ಲಗೆ ಎಳೆಯಿರಿ. ಹೊರಬಂದದ್ದು ಹೊರಬರಲಿ, ಅದು ಹಾರಾಟದಲ್ಲಿ ಬರುವುದಕ್ಕಿಂತ ಲೇಸು.

ಇನ್ನೊಂದು ಕಾರಣ ಹೊದಿಕೆ ಸುಲಿಯುವಾಗ ಆದ ಗಾಯ. ಟೆಫ್‌ಜೆಲ್ ಹೊದಿಕೆಯ ವೈರು 150 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ, ಆದರೆ ಆ ಹೊದಿಕೆ ಗಟ್ಟಿ, ನುಣುಪು. ಸಾಮಾನ್ಯ ಇಕ್ಕಳದಿಂದ ಸುಲಿದರೆ ಒಳಗಿನ ಎಳೆಗಳಿಗೆ ಕಚ್ಚು ಬೀಳುತ್ತದೆ. ಕಚ್ಚು ಬಿದ್ದ ಎಳೆ ಅಂದೇ ತುಂಡಾಗುವುದಿಲ್ಲ. ಕ್ರಿಂಪ್‌ನ ಅಂಚಿನಲ್ಲಿ ನಡುಗಿ ನಡುಗಿ ಒಂದೊಂದಾಗಿ ಕಡಿಯುತ್ತದೆ. ಸುಲಿದ ಪ್ರತಿ ತುದಿಯನ್ನೂ ಭೂತಗನ್ನಡಿಯಲ್ಲಿ ನೋಡಿ, ಒಂದು ಎಳೆಗೆ ಗಾಯವಿದ್ದರೂ ಕತ್ತರಿಸಿ ಹೊಸದಾಗಿ ಸುಲಿಯುತ್ತೇನೆ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಹೊಸ ಫ್ಯೂಸ್ ಹಾಕುತ್ತ ಕೂರಬೇಡಿ. ಆ ಜಾಗದಲ್ಲಿ ಒಂದು 12 ವೋಲ್ಟ್ ಬಲ್ಬನ್ನು ಜೋಡಿಸಿ. ಶಾರ್ಟ್ ಇರುವವರೆಗೆ ಬಲ್ಬು ಪೂರ್ತಿ ಉರಿಯುತ್ತದೆ. ವೈರಿನ ಕಟ್ಟನ್ನು ಒಂದೊಂದು ಗೇಣು ಅಲುಗಿಸುತ್ತ ಹೋಗಿ. ಬಲ್ಬು ಮಿನುಗಿದ ಜಾಗದಲ್ಲಿ ಹೊದಿಕೆ ಸವೆದಿರುತ್ತದೆ.

ಪ್ಯಾನೆಲ್ ಮುಚ್ಚುವಾಗ

ಪಿ-ಲೀಡ್‌ಗಳನ್ನು ಕಳಚಿದ್ದರೆ ಜೋಡಿಸಿ, ಇಗ್ನಿಷನ್ ಸ್ವಿಚ್ ಆರಿಸಿದಾಗ ಎರಡೂ ನಿಜವಾಗಿ ಗ್ರೌಂಡ್ ಆಗುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. ಈ ಒಂದು ಪರೀಕ್ಷೆಗೆ ಬೀಪ್ ಶಬ್ದ ಸಾಕು, ಆದರೆ ವೈರನ್ನು ಮ್ಯಾಗ್ನೆಟೋ ಬದಿಯಲ್ಲಿ ಕಳಚಿಯೇ ಅಳೆದು ಮತ್ತೆ ಜೋಡಿಸಬೇಕು, ಕಳಚದೆ ಅಳೆದರೆ ಮ್ಯಾಗ್ನೆಟೋದೊಳಗಿನ ಸುರುಳಿಯೇ ಬೀಪ್ ಕೊಡುತ್ತದೆ. ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಕೊನೆಯವರೆಗೆ ಒಯ್ದು, ರಡ್ಡರ್ ಪೆಡಲ್‌ಗಳನ್ನು ಪೂರ್ತಿ ತುಳಿದು, ಹೊಸದಾಗಿ ಎಳೆದ ವೈರು ಎಲ್ಲೂ ತಡೆಯದಿರುವುದನ್ನು ನೋಡಿ. ಟಾರ್ಚ್ ಹಿಡಿದು ಇನ್ನೊಬ್ಬರು ಕೆಳಗಿನಿಂದ ನೋಡುತ್ತಿದ್ದರೆ ಒಳ್ಳೆಯದು.

ಕೊನೆಯಲ್ಲಿ ಎಲ್ಲ ಲೋಡ್ ಹಾಕಿ ಮಿಲಿವೋಲ್ಟ್‌ಗಳನ್ನು ಇನ್ನೊಮ್ಮೆ ಅಳೆದು ವಿಮಾನದ ಪುಸ್ತಕದಲ್ಲಿ ಬರೆಯುತ್ತೇನೆ: ಬ್ಲಾಕ್‌ನಿಂದ ಲಗ್, ಲಗ್‌ನಿಂದ ಬೋಲ್ಟ್, ಬೋಲ್ಟ್‌ನಿಂದ ಬ್ಯಾಟರಿ, ಎಂಜಿನ್‌ನಿಂದ ಬ್ಯಾಟರಿ. ಪ್ರತಿ ವಾರ್ಷಿಕ ತಪಾಸಣೆಯಲ್ಲೂ ಅದೇ ಜಾಗಗಳಲ್ಲಿ, ಅದೇ ಲೋಡ್‌ನಲ್ಲಿ ಅಳೆದು ಪಕ್ಕದಲ್ಲಿ ಬರೆಯುತ್ತೇನೆ. 2 ಇದ್ದದ್ದು 9 ಆಗಿದ್ದರೆ ಗೇಜ್ ಇನ್ನೂ ಸರಿಯಾಗಿಯೇ ತೋರಿಸುತ್ತಿದ್ದರೂ ಆ ಬೋಲ್ಟನ್ನು ಬಿಚ್ಚುತ್ತೇನೆ.